ಈಜುಕೊಳ ಕೆರೆಯಾದ ಭಾನುವಾರ

1979ರ ಏಪ್ರಿಲ್ ತಿಂಗಳ ನಾಲ್ಕನೇ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ, ಮಣಿಪಾಲದ ಇಳಿಜಾರಿನಲ್ಲಿರುವ ಪಡುಗಡಲು ಈಜು ಸಂಘದ ಹೊಸ ಕೊಳದಲ್ಲಿ, ಮೂರು ಮೀಟರ್ ಎತ್ತರದ ಹಲಗೆಯ ತುದಿಯಲ್ಲಿ ನಿಂತಿದ್ದ ಬೂದನಿಗೆ ಕೆಳಗೆ ಇಳಿಯುವಂತೆ ಹೇಳಲಾಯಿತು.

ಹೇಳಿದವರು ಸಂಘದ ಕಾರ್ಯದರ್ಶಿ ಇಮ್ಯಾನುಯೆಲ್. ಅವರ ಬಳಿ ಮೈಕ್ ಇತ್ತು. ಮೈಕಿನಲ್ಲಿ ಹೇಳಲಿಲ್ಲ. ಏಣಿಯ ಬುಡಕ್ಕೆ ಬಂದು, ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದರು.

"ಬೂದ, ಸ್ವಲ್ಪ ಇಳಿ ಮಾರಾಯ."

"ಎಂತಕ್ಕೆ ಸರ್?"

"ಮುಹೂರ್ತ ಆಗಲಿಲ್ಲ. ಅದಕ್ಕೆ ಮುಂಚೆ ನೀರು ಮುಟ್ಟಬಾರದಂತೆ."

ನೀರಿನಲ್ಲಿ ಆಗ ನಾಲ್ವರಿದ್ದರು. ಮೂವರು ಬೆಂಗಳೂರಿನವರು, ಒಬ್ಬ ಮಂಗಳೂರಿನವನು. ಸ್ಪರ್ಧೆಗೆ ಮುಂಚೆ ಮೈ ಸಡಿಲಿಸಿಕೊಳ್ಳುತ್ತಿದ್ದರು. ಒಬ್ಬ ಅಂಗಾತ ತೇಲುತ್ತ ಸಿನಿಮಾ ಹಾಡು ಗುನುಗುತ್ತಿದ್ದ.

"ಅವರು ಮುಟ್ಟಿದ್ದಾರಲ್ಲ?"

"ಅವರು ಗೊತ್ತಿಲ್ಲದೆ ಮುಟ್ಟಿದ್ದು."

ಬೂದ ಇಳಿದ. ಏಣಿಯಲ್ಲಿ ಇಳಿಯುವುದು ಡೈವಿಂಗ್ ಮಾಡುವವನಿಗೆ ಅಭ್ಯಾಸವಿಲ್ಲದ ಕೆಲಸ. ಒಮ್ಮೆ ಹತ್ತಿದವನು ಗಾಳಿಯ ಮೂಲಕ ಕೆಳಗೆ ಬರುತ್ತಾನೆ. ಬೂದ ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಕಾಲಿನಿಂದ ಹುಡುಕುತ್ತ ಇಳಿದ. ನೋಡುತ್ತಿದ್ದವರಲ್ಲಿ ಒಬ್ಬರು ನಕ್ಕರು.

ಆ ದಿನ ಅಲ್ಲಿ ನಡೆಯಬೇಕಾಗಿದ್ದುದು ರಾಷ್ಟ್ರೀಯ ಸ್ಪರ್ಧೆಗೆ ರಾಜ್ಯ ತಂಡದ ಆಯ್ಕೆ. ಚಿಮ್ಮುಹಲಗೆಯ ಡೈವಿಂಗಿಗೆ ಇದ್ದುದು ಒಂದೇ ಜಾಗ. ರಾಷ್ಟ್ರೀಯ ಸ್ಪರ್ಧೆಯಲ್ಲಿ ಭಾಗವಹಿಸಿದವನಿಗೆ ರೈಲ್ವೆಯಲ್ಲಿ ಕೆಲಸ ಸಿಗುತ್ತದೆ ಎಂದು ರೈಲ್ವೆಯ ಕ್ರೀಡಾಧಿಕಾರಿ ಬೂದನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದರು. ಆ ಕೆಲಸಕ್ಕೆ ವಯಸ್ಸಿನ ಮಿತಿ ಇತ್ತು. ಬೂದನ ಮಟ್ಟಿಗೆ ಅದು ಆ ವರ್ಷ ಮುಗಿಯುತ್ತಿತ್ತು. ಆಯ್ಕೆಯಾದರೆ ರೈಲ್ವೆ. ಇಲ್ಲದಿದ್ದರೆ ಕಾರ್ಕಳದ ಕಲ್ಲಿನ ಕೋರೆ, ಸಾಯುವ ತನಕ. ಅವನ ಅಪ್ಪ ಕೋರೆಯಲ್ಲಿ ಬಂಡೆಗೆ ತೂತು ಕೊರೆಯುತ್ತಿದ್ದ. ಎದೆಯಲ್ಲಿ ಕಲ್ಲಿನ ಹುಡಿ ತುಂಬಿ ನಲವತ್ತು ದಾಟುವ ಮೊದಲು ಸತ್ತ. ಆದ್ದರಿಂದ ಸಾಯುವ ತನಕ ಎಂದರೆ ಬಹಳ ದೂರವೇನಲ್ಲ.

ಬೂದ ಮುಂಡಾಲರವನು, ಊರು ಮುಟ್ಟದ ಜಾತಿ. ಬುಧವಾರ ಹುಟ್ಟಿದ್ದಕ್ಕೆ ಆ ಹೆಸರು. ಅವನ ಕೇರಿಯಲ್ಲಿ ಮಗುವಿಗೆ ಹೆಸರು ಹುಡುಕಲು ಪಂಚಾಂಗ ಬೇಕಾಗುವುದಿಲ್ಲ. ವಾರ ಗೊತ್ತಿದ್ದರೆ ಸಾಕು. ತಾಯಿ ಪೊನ್ನಿ ಕೋರೆಯಲ್ಲಿ ಜಲ್ಲಿ ಒಡೆಯುತ್ತಿದ್ದಳು. ಸುತ್ತಿಗೆ ತಪ್ಪಿ ಎಡಗೈ ಹೆಬ್ಬೆರಳಿನ ಉಗುರು ಹೋಗಿತ್ತು. ಮತ್ತೆ ಬಂದಿತ್ತು. ಮತ್ತೆ ಹೋಗಿತ್ತು. ಬೂದ ಮೀಸೆ ಮೂಡುವ ಮೊದಲೇ ತಲೆಯ ಮೇಲೆ ಕಲ್ಲು ಹೊತ್ತ. ಬೆಳಿಗ್ಗೆಯಿಂದ ಸಂಜೆಯ ತನಕ ಹೊತ್ತರೆ ಕುತ್ತಿಗೆ ಭುಜದೊಳಗೆ ಇಳಿದುಹೋದ ಹಾಗೆ ಆಗುತ್ತದೆ. ಸಂಜೆ ಮೈಯ ಹುಡಿ ತೊಳೆಯಲು ಅವನು ಬಂಡೆಯ ಮೇಲಿನಿಂದ ನೀರಿಗೆ ಹಾರುತ್ತಿದ್ದ. ಹಾರುವಷ್ಟು ಹೊತ್ತು ಮಾತ್ರ ತಲೆಯ ಮೇಲೆ ಏನೂ ಇರುತ್ತಿರಲಿಲ್ಲ.

ಕಾರ್ಕಳದ ಹೊರಗೆ ಬಂಡೆ ತೆಗೆದು ಕೈಬಿಟ್ಟ ಹೊಂಡಗಳಿವೆ. ಮಳೆಗಾಲದ ನೀರು ಅವುಗಳಲ್ಲಿ ವರ್ಷವಿಡೀ ನಿಲ್ಲುತ್ತದೆ. ಆ ನೀರನ್ನು ಯಾರೂ ಕುಡಿಯುವುದಿಲ್ಲ. ಯಾವ ದೇವರ ತಲೆಯ ಮೇಲೂ ಸುರಿಯುವುದಿಲ್ಲ. ಹಾಗಾಗಿ ಅದಕ್ಕೆ ಜಾತಿ ಇಲ್ಲ.

ಶಾಲೆಯ ಡ್ರಿಲ್ ಮಾಸ್ಟ್ರು ಪಾಸ್ಕಲ್ ಒಂದು ಸಂಜೆ ಆ ದಾರಿಯಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಿದ್ದರು. ಅವರು ಮೊದಲು ನೌಕಾಪಡೆಯಲ್ಲಿ ಇದ್ದವರು, ಡೈವಿಂಗ್ ನೋಡಿ ಬಲ್ಲವರು. ಬಂಡೆಯ ಮೇಲಿನಿಂದ ಬಿದ್ದ ಹುಡುಗ ಗಾಳಿಯಲ್ಲಿ ಒಮ್ಮೆ ಪೂರ್ತಿ ಮಗುಚಿ, ಸದ್ದಿಲ್ಲದೆ ನೀರಿನೊಳಗೆ ಹೋದದ್ದನ್ನು ನೋಡಿ ಸೈಕಲ್ ನಿಲ್ಲಿಸಿದರು.

"ಯಾರು ಕಲಿಸಿದ್ದು ನಿನಗೆ?"

"ಎಂತದನ್ನು?"

"ಹಾಗೆ ತಿರುಗುವುದನ್ನು."

"ತಿರುಗದಿದ್ದರೆ ಹೊಟ್ಟೆ ಬಡಿಯುತ್ತದೆ ಮಾಸ್ಟ್ರೇ."

ಹಲಗೆ ಬೇಕಾಯಿತು. ಪಾಸ್ಕಲ್ ಕಾಪುವಿಗೆ ಹೋಗಿ, ದೋಣಿ ಕಟ್ಟುವವರಿಗೆ ಮರ ಮಾರುವ ಹಾಜಬ್ಬ ಬ್ಯಾರಿಯವರನ್ನು ಕೇಳಿದರು. ಹಾಜಬ್ಬರು ಮೂಲೆಯಲ್ಲಿದ್ದ ಒಂದು ಉದ್ದ ಹಲಗೆ ತೋರಿಸಿ, "ಇದು ದೋಣಿಗೆ ಆಗುವುದಿಲ್ಲ, ಬಗ್ಗುತ್ತದೆ" ಅಂದರು.

"ಬಗ್ಗುವುದೇ ಬೇಕು ಬ್ಯಾರಿ."

"ಮಕ್ಕಳನ್ನು ಬಗ್ಗಿಸಿದ್ದು ಸಾಲದೆಂದು ಹಲಗೆಯನ್ನೂ ಬಗ್ಗಿಸುತ್ತೀರಾ ಮಾಸ್ಟ್ರೇ? ತಗೊಂಡು ಹೋಗಿ."

ಹಲಗೆಯ ಒಂದು ತುದಿಯನ್ನು ಬಂಡೆಯ ಬಿರುಕಿಗೆ ತುರುಕಿ, ಮೇಲೆ ಕಲ್ಲು ಹೇರಿದರು. ಬೂದ ಅದರ ಮೇಲೆ ಕಲಿತ. ಮುಂದಕ್ಕೆ, ಹಿಂದಕ್ಕೆ, ಒಂದೂವರೆ ಸುತ್ತು, ಎರಡೂವರೆ ಸುತ್ತು. ತಪ್ಪಿದಾಗ ಬೆನ್ನಿನ ಚರ್ಮ ಕೆಂಪಾಗಿ ಎದ್ದು ಬರುತ್ತಿತ್ತು. ಮರುದಿನ ಅದೇ ಬೆನ್ನಿನ ಮೇಲೆ ಕಲ್ಲಿನ ಬುಟ್ಟಿ. 1974ರಲ್ಲಿ ಬೆಂಗಳೂರಿನ ರಾಜ್ಯ ಸ್ಪರ್ಧೆಯಲ್ಲಿ ಅವನು ಮೊದಲ ಬಾರಿ ನಿಜವಾದ ಚಿಮ್ಮುಹಲಗೆಯನ್ನು ಮೆಟ್ಟಿದ. ಅದು ಅಷ್ಟು ಎತ್ತರಕ್ಕೆ ಎಸೆಯುತ್ತದೆ ಎಂದು ಅವನಿಗೆ ಗೊತ್ತಿರಲಿಲ್ಲ. ನಾಲ್ಕನೆಯವನಾದ. ಮುಂದಿನ ವರ್ಷ ಎರಡನೆಯವನು. ಅಲ್ಲಿಂದ ಸತತ ಮೂರು ವರ್ಷ ಮೊದಲನೆಯವನು. ಆದರೂ ರಾಷ್ಟ್ರೀಯ ಸ್ಪರ್ಧೆಗೆ ಹೋಗಿಬರುವ ಖರ್ಚು ಆ ತನಕ ಅವನಿಗೆ ಹುಟ್ಟಿರಲಿಲ್ಲ.

ಪತ್ರಿಕೆಗಳು 'ಜಿಲ್ಲೆಯ ಹೆಮ್ಮೆ' ಎಂದು ಬರೆದವು. ಉಡುಪಿಯಲ್ಲಿ ಸನ್ಮಾನವಾಯಿತು. ಶಾಲನ್ನು ಹೊದಿಸಲಿಲ್ಲ, ಮಡಿಸಿದ್ದನ್ನು ಮಡಿಸಿದ ಹಾಗೆಯೇ ಮೇಲಿನಿಂದ ಕೈಗೆ ಹಾಕಿದರು. ಭಾಷಣದ ನಂತರ ಊಟ. ಬೂದನಿಗೆ ಎಲೆ ಹಾಕಿದ್ದು ಹಿಂದಿನ ಜಗಲಿಯಲ್ಲಿ, ಕಟ್ಟಿಗೆ ಒಟ್ಟುವ ಕಡೆ. ಜಿಲ್ಲೆಯ ಹೆಮ್ಮೆ ಕಟ್ಟಿಗೆಯ ರಾಶಿಗೆ ಒರಗಿ ಕುಳಿತು ಊಟ ಮಾಡಿತು. ಊಟವಾದ ಮೇಲೆ ಜಿಲ್ಲೆಯ ಹೆಮ್ಮೆ ತನ್ನ ಎಲೆಯನ್ನು ತಾನೇ ಎತ್ತಿ, ಕುಳಿತ ಜಾಗಕ್ಕೆ ಸೆಗಣಿ ಸಾರಿಸಿತು.

ಆ ಸನ್ಮಾನದಲ್ಲೇ ಹೋಟೆಲ್ ಉದ್ಯಮಿ ವೆಂಕಟರಾಜ ಬಲ್ಲಾಳರಿಗೆ ಈಜುಕೊಳದ ಯೋಚನೆ ಬಂದದ್ದು. ಸಂಘ ಆಯಿತು. ಬಲ್ಲಾಳರು ಅಧ್ಯಕ್ಷರಾದರು. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಈಜು ಬಲ್ಲವರು ಒಬ್ಬರೂ ಇರಲಿಲ್ಲ. ಇದೊಂದು ಕೊರತೆ ಎಂದು ಯಾರಿಗೂ ತೋರಲಿಲ್ಲ. ಯಕ್ಷಗಾನ ಸಂಘದ ಅಧ್ಯಕ್ಷರು ಗೆಜ್ಜೆ ಕಟ್ಟಿ ಕುಣಿಯಬೇಕೆಂದು ಎಲ್ಲಿಯೂ ಇಲ್ಲ.

ಕೊಳ ಅಗೆಯುವ ಗುತ್ತಿಗೆ ಮೊಯ್ದೀನ್ ಬ್ಯಾರಿಗೆ ಸಿಕ್ಕಿತು. ಅವರು ಕಾರ್ಕಳದಿಂದ ಲಾರಿಯಲ್ಲಿ ಆಳು ತಂದರು. ಲಾರಿಯಲ್ಲಿ ಪೊನ್ನಿಯೂ ಇದ್ದಳು, ಬೂದನೂ ಇದ್ದ. ಮಣಿಪಾಲದ ಗುಡ್ಡ ಮುರಕಲ್ಲಿನದು. ಪಿಕಾಸಿ ಹಾಕಿದರೆ ಕಿಡಿ ಬರುತ್ತದೆ, ಕಲ್ಲು ಬರುವುದಿಲ್ಲ. ರಾಜ್ಯ ಚಾಂಪಿಯನ್ ಬೇಸಗೆಯಿಡೀ ಪಿಕಾಸಿ ಹಿಡಿದು, ತಾನು ಹಾರಬೇಕಾದ ಹೊಂಡವನ್ನು ತಾನೇ ತೋಡಿದ. ಆಗ ಅಲ್ಲಿ ಬರೀ ಕಲ್ಲು ಮಣ್ಣು, ನೀರಿರಲಿಲ್ಲ. ಬಲ್ಲಾಳರು ಅಂಚಿನಲ್ಲಿ ಕೊಡೆ ಹಿಡಿದು ನಿಂತು, "ಇನ್ನೂ ಆಳ ಹೋಗಲಿ" ಅನ್ನುತ್ತಿದ್ದರು. ಹೊಂಡದ ತಳದಲ್ಲಿ ಯಾರು ನಿಂತಿದ್ದಾರೆ, ಯಾರ ಬೆವರು ಎಲ್ಲಿ ಬೀಳುತ್ತಿದೆ ಎಂದು ಯಾರೂ ಕೇಳಲಿಲ್ಲ.

ನೀರು ತುಂಬಿಸಿದ ಮೇಲೆ ಕೊಳ ಸೋರಿತು. ರಾತ್ರಿ ತುಂಬಿಸಿದರೆ ಬೆಳಿಗ್ಗೆ ಒಂದು ಗೇಣು ಕಡಿಮೆ.

"ಸಿಮೆಂಟು ಕಮ್ಮಿ ಹಾಕು ಅಂತ ನೀವೇ ಹೇಳಿದ್ದಲ್ವಾ ಬಲ್ಲಾಳರೇ" ಎಂದು ಮೊಯ್ದೀನ್ ಹೇಳಿದರು.

ಈ ವಿವರಣೆ ಸಮಿತಿಗೆ ಹಿಡಿಸಲಿಲ್ಲ. ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದರು. ಜೋಯಿಸರು ಕವಡೆ ಎಣಿಸಿ, ನೀರನ್ನು ಶಾಸ್ತ್ರೋಕ್ತವಾಗಿ ನೆಲೆಗೊಳಿಸಲಿಲ್ಲ, ಅದಕ್ಕೇ ನಿಲ್ಲುವುದಿಲ್ಲ ಎಂದು ಕಂಡುಹಿಡಿದರು. ಮೊಯ್ದೀನ್ ತಮ್ಮ ಕಡೆಯಿಂದ ಇನ್ನೊಂದು ಪದರ ಸಿಮೆಂಟು ಬಳಿದರು. ಸಮಿತಿ ತನ್ನ ಕಡೆಯಿಂದ ಪೆರ್ಡೂರಿನ ಕಡೆಯ ಒಬ್ಬ ತಂತ್ರಿಗಳಿಗೆ ಹೇಳಿಕಳಿಸಿತು. ಸೋರಿಕೆ ನಿಂತಿತು. ಯಾವುದರಿಂದ ನಿಂತಿತು ಎಂಬ ಬಗ್ಗೆ ಸಮಿತಿಯಲ್ಲಿ ಎರಡು ಅಭಿಪ್ರಾಯ ಇರಲಿಲ್ಲ. ತಂತ್ರಿಗಳಂತೂ ಇನ್ನೂ ಬಂದಿರಲಿಲ್ಲ.

ಅವರು ಬಂದದ್ದು ಆಯ್ಕೆಯ ಭಾನುವಾರ. ಬಂದು, ಕೊಳದ ಸುತ್ತ ಒಂದು ಸುತ್ತು ನಡೆದು ಹೇಳಿದರು: "ಈಜುಕೊಳಕ್ಕೆ ಅಂತ ಶಾಸ್ತ್ರದಲ್ಲಿ ಏನೂ ಇಲ್ಲ. ಕೆರೆಗೆ ಉಂಟು. ಅದನ್ನೇ ಮಾಡುವುದಾ?"

"ಅದನ್ನೇ ಮಾಡಿ" ಎಂದರು ಬಲ್ಲಾಳರು.

ಮುಹೂರ್ತ ಹನ್ನೊಂದೂವರೆಗೆ. ಅಷ್ಟರ ತನಕ ಕಾಯುವುದೇಕೆಂದು ಹೊರಗಿನ ಸ್ಪರ್ಧಿಗಳನ್ನೂ ತೀರ್ಪುಗಾರರನ್ನೂ ಎರಡು ಕಾರುಗಳಲ್ಲಿ ಉಡುಪಿಗೆ ಮಸಾಲೆ ದೋಸೆ ತಿನ್ನಿಸಲು ಕರೆದುಕೊಂಡು ಹೋದರು. ಕಾರಿನಲ್ಲಿ ಜಾಗ ಸಾಲದೆಂದು ಬೂದನನ್ನು ಬಿಟ್ಟರು. ಹಿಂದಿನ ಸೀಟಿನಲ್ಲಿ ಟವೆಲ್‌ಗಳ ಕಟ್ಟು ಕೂತುಕೊಂಡು ಹೋಯಿತು.

ಬೂದನ ಜೊತೆ ಪಾಸ್ಕಲ್ ಮಾಸ್ಟ್ರು ಉಳಿದರು. ಈಗ ಅವರಿಗೆ ಎರಡೂ ಮೊಣಕಾಲು ಹೋಗಿದ್ದವು, ಕೋಲು ಹಿಡಿದಿದ್ದರು. ತಂತಿ ಬೇಲಿಯ ಹೊರಗೆ ಪೊನ್ನಿ ನಿಂತಿದ್ದಳು. ಅವಳೊಂದಿಗೆ ಆ ಲಾರಿಯಲ್ಲಿ ಬಂದು ಮಣ್ಣು ಹೊತ್ತ ಹೆಂಗಸರೆಲ್ಲ ಇದ್ದರು. ಬೂದ ಹಾರುವುದನ್ನು ನೋಡಲು ಬಂದಿದ್ದರು.

ಹೋಮವಾಯಿತು. ಏಳು ಕೆರೆಗಳ ನೀರನ್ನು ಕೊಡದಲ್ಲಿ ತಂದಿದ್ದರು. ತಂತ್ರಿಗಳು ಮಂತ್ರ ಹೇಳುತ್ತ ಅದನ್ನು ಕೊಳಕ್ಕೆ ಸುರಿದರು. ಕ್ಲೋರಿನ್ ವಾಸನೆಯ ನೀರಿನಲ್ಲಿ ತುಳಸಿ ಎಲೆಗಳು ತೇಲಿದವು. ಆಗ ಇಮ್ಯಾನುಯೆಲ್ ಬೂದನ ಬಳಿ ಬಂದರು.

"ಒಂದು ತೊಂದರೆ ಆಯ್ತಲ್ಲ ಮಾರಾಯ."

"ಎಂತ ಸರ್?"

"ತೀರ್ಥ ಬಿತ್ತು. ಇನ್ನು ಇದು ಕೆರೆಯಂತೆ. ಒಂದು ಮಂಡಲ ಕಾಲ, ಅಂದರೆ ನಲವತ್ತೆಂಟು ದಿನ, ನೀನು... ನಿಮ್ಮವರು... ಇಳಿಯಬಾರದಂತೆ. ಆಮೇಲೆ ನೋಡುವ ಅಂತ ಬಲ್ಲಾಳರು ಹೇಳಿದರು."

"ಆಯ್ಕೆ ಇವತ್ತು."

"ಅದು ಗೊತ್ತುಂಟು."

"ಉಳಿದವರು ಹಾರುತ್ತಾರಾ?"

"ಅವರಿಗೆ ಅಡ್ಡಿ ಇಲ್ಲವಂತೆ." ಇಮ್ಯಾನುಯೆಲ್ ಅಂಗಿಯ ಕಾಲರ್ ಸರಿಮಾಡಿಕೊಂಡರು. "ನಾನೂ ಕೇಳಿದೆ. ನನಗೂ ಅಡ್ಡಿ ಇಲ್ಲವಂತೆ."

"ನಿನಗೆ ಅಡ್ಡಿ ಇಲ್ಲದ್ದು ನಿನಗೆ ಈಜು ಬಾರದ್ದರಿಂದ ಇಮ್ಯಾನುಯೆಲ್" ಎಂದರು ಪಾಸ್ಕಲ್.

"ಮಾಸ್ಟ್ರೇ, ನಾನು ಎಂತ ಮಾಡಲಿ ಹೇಳಿ? ಬಲ್ಲಾಳರು ಬೂದನಿಗೆ ಒಂದು ಕಪ್ ಕೊಡುತ್ತಾರಂತೆ. ಗೌರವ ಸ್ಪರ್ಧಿ ಅಂತ. ಬೆಳ್ಳಿ ಬಣ್ಣದ್ದು, ದೊಡ್ಡದು."

"ಎಷ್ಟು ದೊಡ್ಡದು? ನೀರು ತುಂಬಿಸಿದರೆ ಹಾರಲಿಕ್ಕೆ ಆಗುತ್ತದಾ?"

ಬೂದ ಕೊಳವನ್ನು ನೋಡುತ್ತಿದ್ದ. ಕೊಳಕ್ಕೆ ಆಗ ಒಂದು ದನ ಇಳಿಯುತ್ತಿತ್ತು.

ಕೆರೆಯನ್ನು ಲೋಕಕ್ಕೆ ಬಿಟ್ಟುಕೊಡುವಾಗ ಅದರಲ್ಲಿ ಒಂದು ದನವನ್ನು ದಾಟಿಸಬೇಕು, ಕಟ್ಟಿಸಿದವನು ಅದರ ಬಾಲ ಹಿಡಿದು ಹಿಂದೆ ಹೋಗಬೇಕು ಎಂದು ಶಾಸ್ತ್ರದಲ್ಲಿ ಇದೆ. ಶಾಸ್ತ್ರ ಬರೆದವರ ಕಣ್ಣೆದುರು ಇದ್ದುದು ಕೆರೆ. ಕೆರೆಗೆ ನಾಲ್ಕು ಕಡೆ ಮೆಟ್ಟಿಲಿರುತ್ತದೆ, ಇಲ್ಲವೇ ಇಳಿಜಾರು ದಂಡೆ ಇರುತ್ತದೆ. ಪಡುಗಡಲು ಸಂಘದ ಕೊಳಕ್ಕೆ ಮಕ್ಕಳ ಬದಿಯಲ್ಲಿ ಮೂರು ಅಗಲ ಮೆಟ್ಟಿಲಿದ್ದವು. ಉಳಿದ ಮೂರು ಬದಿ ನೆಟ್ಟಗಿನ ಗೋಡೆ, ನುಣುಪು ಹೆಂಚು, ಒಂದು ಕಬ್ಬಿಣದ ಏಣಿ. ದನ ಏಣಿ ಹತ್ತುವುದಿಲ್ಲ ಎಂಬುದು ಈಜು ಸಂಘದ ಯಾರಿಗೂ ಹೊಳೆಯಲಿಲ್ಲ.

ದನ ಬಲ್ಲಾಳರ ಹಟ್ಟಿಯದು. ಹಗ್ಗ ಹಿಡಿದವನು ಹಟ್ಟಿಯ ಆಳು ವಾಸು. ಹಿಂದೆ ಬಾಲ ಹಿಡಿದು, ಪಟ್ಟೆ ಮಡಿ ಉಟ್ಟು, ಅಧ್ಯಕ್ಷರು. ದನ ಮೂರು ಮೆಟ್ಟಿಲು ಇಳಿಯಿತು. ನಾಲ್ಕನೆಯದು ಇರುತ್ತದೆಂದು ಕಾಲಿಟ್ಟಿತು. ಹೆಂಚಿನ ಮೇಲೆ ಗೊರಸು ಜಾರಿತು. ವಾಸುವಿನ ಕೈಯಿಂದ ಹಗ್ಗ ಹೋಯಿತು. ಇಳಿಜಾರಿನ ತಳದಲ್ಲಿ ಜಾರಿಕೊಂಡು ದನ ಆಳದ ಕಡೆ ಹೋಯಿತು. ಅಧ್ಯಕ್ಷರೂ ಹೋದರು.

"ಬಾಲ ಬಿಡಬೇಡಿ ಧಣಿ! ಬಾಲ ಬಿಡಬೇಡಿ!" ವಾಸು ಕೂಗಿದ.

ಬಲ್ಲಾಳರಿಗೆ ಬಿಡುವ ಯೋಚನೆ ಇರಲಿಲ್ಲ. ಎರಡು ಕೈಯಲ್ಲೂ ಹಿಡಿದಿದ್ದರು. ದನ ಈಜತೊಡಗಿತು. ದನಕ್ಕೆ ಈಜು ಹುಟ್ಟಿನಿಂದ ಬರುತ್ತದೆ, ಅದಕ್ಕೆ ಸಂಘದ ಸದಸ್ಯತ್ವ ಬೇಕಾಗಿಲ್ಲ. ಎದುರಿನ ಗೋಡೆಯ ತನಕ ಹೋಯಿತು. ಹತ್ತಲು ಏನೂ ಇರಲಿಲ್ಲ. ತಿರುಗಿತು. ಆಚೆ ಗೋಡೆ. ತಿರುಗಿತು. ಮೂರು ಮೀಟರ್ ಹಲಗೆಯ ನೇರ ಕೆಳಗೆ ಸುತ್ತು ಹಾಕತೊಡಗಿತು. ಹಿಂದೆ ಅಧ್ಯಕ್ಷರು, ಮೂಗಿನ ತನಕ ನೀರಿನಲ್ಲಿ, ಪಟ್ಟೆ ಮಡಿ ಬಿಚ್ಚಿ ಬೇರೆಯಾಗಿ ತೇಲುತ್ತ. ಮೊದಲ ಸುತ್ತಿನಲ್ಲೇ ದನ ಹೆದರಿ ಸೆಗಣಿ ಹಾಕಿತು. ಹಿಂದೆ ಇದ್ದವರು ಯಾರೆಂದು ಹೇಳಬೇಕಾಗಿಲ್ಲ.

"ವೈತರಣಿಯನ್ನೂ ಹೀಗೇ ದಾಟುವುದಂತೆ" ಎಂದು ಸಮಿತಿಯ ಹಿರಿಯ ಸದಸ್ಯರೊಬ್ಬರು ಪಕ್ಕದವರಿಗೆ ಹೇಳಿದರು. ಅವರು ಹಾಸ್ಯಕ್ಕೆ ಹೇಳಿದ್ದಲ್ಲ.

ದಡದ ಸುತ್ತ ಸಮಿತಿ ಓಡಾಡಿತು. ಈಜು ಬಲ್ಲವರೆಲ್ಲ ಉಡುಪಿಯಲ್ಲಿ ದೋಸೆ ತಿನ್ನುತ್ತಿದ್ದರು. ಉಳಿದವನು ಒಬ್ಬನೇ. ಎಲ್ಲರಿಗೂ ಅದು ಒಂದೇ ಹೊತ್ತಿಗೆ ಗೊತ್ತಾಯಿತು.

"ಬೂದಾ! ಹಾರು! ಹಾರು ಮಾರಾಯ!"

ಬೂದ ಸಿಮೆಂಟಿನ ಬೆಂಚಿನಲ್ಲಿ ಕುಳಿತಿದ್ದ. ಏಳಲಿಲ್ಲ.

"ತೀರ್ಥ ಬಿದ್ದಿದೆಯಲ್ಲ ಸರ್" ಎಂದ.

"ಅದೆಲ್ಲ ಆಮೇಲೆ ನೋಡುವ!"

"ಆಮೇಲೆ ಎಂದರೆ ನಲವತ್ತೆಂಟು ದಿನ. ಅಷ್ಟು ಹೊತ್ತು ಬಾಲ ಹಿಡಿದಿರಲಿಕ್ಕೆ ಅವರಿಂದ ಆಗುತ್ತದಾ?"

"ಬೂದ, ಮನುಷ್ಯನ ಜೀವ!" ಇಮ್ಯಾನುಯೆಲ್ ಅವನ ತೋಳು ಹಿಡಿದೆಳೆದರು. ಆ ಭಾನುವಾರ ಅವನನ್ನು ಮುಟ್ಟಿದ ಮೊದಲ ಸಮಿತಿ ಸದಸ್ಯ ಅವರೇ.

ಬೇಲಿಯ ಹೊರಗಿನಿಂದ ಪೊನ್ನಿ ಕೂಗಿದಳು. "ಬೂದಾ, ಹೋಗು ಮಗ! ಧಣಿ ಸಾಯ್ತಾರೆ!"

"ಬಾಲ ಹಿಡಿದಿದ್ದಾರೆ ಅಮ್ಮ. ಸಾಯುವುದಿಲ್ಲ." ಅವನು ಇಮ್ಯಾನುಯೆಲರ ಕೈಯನ್ನು ತೋಳಿನಿಂದ ಬಿಡಿಸಿದ. "ನಾನು ಇಳಿಯಬಹುದು ಎಂದು ಹೇಳಿ. ಏಣಿಯ ಬುಡದಲ್ಲಿ ಅಲ್ಲ. ಮೈಕಿನಲ್ಲಿ."

ಇಮ್ಯಾನುಯೆಲ್ ಮೈಕಿಗೆ ಓಡಿದರು. ತಂತ್ರಿಗಳ ಮುಖ ನೋಡಿದರು. ತಂತ್ರಿಗಳು ಹೋಮದ ಹೊಗೆ ನೋಡುತ್ತಿದ್ದರು.

"ಸಂಘದ ಪರವಾಗಿ..." ಮೈಕು ಕಿರುಚಿತು. "ಸಂಘದ ಪರವಾಗಿ ತಿಳಿಸುವುದೇನೆಂದರೆ, ಬೂದ ಕೊಳಕ್ಕೆ ಇಳಿಯಬಹುದು."

"ಈಗ ಮಾತ್ರವಾ?" ಬೂದ ಕೇಳಿದ.

"ಯಾವಾಗ ಬೇಕಾದರೂ ಇಳಿಯಬಹುದು."

"ನಾನೊಬ್ಬನೇ?"

ಇಮ್ಯಾನುಯೆಲ್‌ಗೆ ಅಷ್ಟರ ಮಟ್ಟಿನ ಅಧಿಕಾರ ಇರಲಿಲ್ಲ. ದನ ಇನ್ನೊಂದು ಸುತ್ತು ಮುಗಿಸಿತು. ಅದರ ಉಸಿರು ಈಗ ದಡಕ್ಕೆ ಕೇಳಿಸುತ್ತಿತ್ತು.

"ಎಲ್ಲರೂ!" ಕೂಗು ನೀರಿನಿಂದ ಬಂತು. "ಎಲ್ಲರೂ ಇಳಿಯಬಹುದು! ಯಾರು ಬೇಕಾದರೂ ಇಳಿಯಿರಿ! ಮೈಕಿನಲ್ಲಿ ಹೇಳು ಮಾರಾಯ, ಎಲ್ಲರೂ..." ಉಳಿದದ್ದು ನೀರು ಕುಡಿದ ಸದ್ದು.

"ಎಲ್ಲರೂ ಇಳಿಯಬಹುದು" ಎಂದು ಮೈಕು ಹೇಳಿತು. ಬೇಲಿಯ ಹೊರಗಿನ ಹೆಂಗಸರು ಕೇಳಿದರು. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದವರೂ ಕೇಳಿದರು.

ಬೂದ ಎದ್ದ. ದಡದಿಂದ ಹಾರಿದ್ದರೆ ಎರಡು ಹೆಜ್ಜೆ. ಅವನು ಏಣಿಯ ಕಡೆಗೆ ನಡೆದ.

"ಏಯ್, ಎಲ್ಲಿಗೆ? ಇಲ್ಲಿಂದಲೇ ಹಾರು!"

"ನನ್ನನ್ನು ಇಳಿಸಿದ್ದು ಅಲ್ಲಿಂದ" ಎಂದ ಬೂದ.

ಹತ್ತಿದ. ಹಲಗೆಯ ಮೇಲೆ ನಡೆದ. ತುದಿಯಲ್ಲಿ ಒಮ್ಮೆ ಒತ್ತಿದ, ಹಲಗೆ ಎಸೆಯಿತು. ದನಕ್ಕೂ ಗೋಡೆಗೂ ನಡುವಿನ ಜಾಗದಲ್ಲಿ ನೆಟ್ಟಗೆ, ಸದ್ದಿಲ್ಲದೆ ನೀರಿಗೆ ಹೋದ. ನೀರು ಮೇಲೆ ಚಿಮ್ಮಲಿಲ್ಲ. ಮೇಲೆ ಬಂದವನು ದನದ ಮೂಗುದಾರ ಹಿಡಿದು, ಅದರ ಕಿವಿಯ ಬಳಿ ಏನೋ ಹೇಳುತ್ತ ಮಕ್ಕಳ ಬದಿಯ ಮೆಟ್ಟಿಲಿಗೆ ಎಳೆದುಕೊಂಡು ಹೋದ. ಗೊರಸು ಮೆಟ್ಟಿಲಿಗೆ ತಾಗಿತು. ದನ ಮೇಲೆ ಬಂತು. ಹಿಂದಿನಿಂದ ಅಧ್ಯಕ್ಷರು ಬಂದರು. ವಾಸು ತನ್ನ ಹೆಗಲಿನ ಬೈರಾಸು ತೆಗೆದು ಅವರ ಸೊಂಟಕ್ಕೆ ಸುತ್ತಿದ. ಮಡಿ ಬೈರಾಸೋ, ಹಟ್ಟಿಯ ಬೈರಾಸೋ ಎಂದು ಬಲ್ಲಾಳರು ವಿಚಾರಿಸಲಿಲ್ಲ.

ತಂತ್ರಿಗಳು ಬಾಯಿ ಬಿಟ್ಟದ್ದು ಆಗ.

"ದನ ಇಳಿದ ಬದಿಯಲ್ಲೇ ಹತ್ತಿತು. ಇದು ದಾಟಿದ ಹಾಗೆ ಅಲ್ಲ. ಕ್ರಿಯೆ ಪೂರ್ತಿ ಆಗಲಿಲ್ಲ."

ಅದೇ ಹೊತ್ತಿಗೆ ಕಾರುಗಳು ಬಂದವು. ಮುಖ್ಯ ತೀರ್ಪುಗಾರ್ತಿ ಗ್ಲ್ಯಾಡಿಸ್ ಮಂಗಳೂರಿನ ವ್ಯಾಯಾಮ ಅಧ್ಯಾಪಕಿ. ಅವರು ಕಾರಿನಿಂದ ಇಳಿದು ಒದ್ದೆ ದನವನ್ನು, ಒದ್ದೆ ಅಧ್ಯಕ್ಷರನ್ನು, ಒದ್ದೆ ಬೂದನನ್ನು ನೋಡಿದರು. ಪಾಸ್ಕಲ್ ಮಾಸ್ಟ್ರು ನಡೆದದ್ದನ್ನು ನಾಲ್ಕು ಮಾತಿನಲ್ಲಿ ಹೇಳಿ, ತಂತ್ರಿಗಳ ಕಡೆ ತಿರುಗಿದರು.

"ಹಾಗಾದರೆ ಇದು ಕೆರೆ ಆಗಲಿಲ್ಲ, ಅಲ್ವಾ ತಂತ್ರಿಗಳೇ?"

"ಆಗಲಿಲ್ಲ."

ಸಮಿತಿಯ ಮುಖಗಳು ಒಮ್ಮೆಲೆ ಬೆಳಗಿದವು. "ಆಗಲಿಲ್ಲ! ಕೆರೆ ಆಗಲೇ ಇಲ್ಲ!" ಇಮ್ಯಾನುಯೆಲ್ ಬೂದನ ಬಳಿಗೆ ಓಡಿಬಂದರು. "ಕೇಳಿದೆಯಾ? ದೋಷವೇ ಇಲ್ಲ! ಬರೀ ಈಜುಕೊಳ. ನೀನು ಹಾರಬಹುದು ಮಾರಾಯ, ಯಾರಿಗೂ ಬೇಸರ ಇಲ್ಲ."

"ಆಗಿದ್ದರೆ?" ಬೂದ ಕೇಳಿದ.

"ಎಂತ?"

"ಕೆರೆ ಆಗಿದ್ದರೆ? ದನ ಆಚೆ ಬದಿಯಲ್ಲಿ ಹತ್ತಿದ್ದರೆ?"

ಬಲ್ಲಾಳರು ಬೈರಾಸು ಬಿಗಿಮಾಡಿಕೊಂಡರು.

"ದನ ಎಲ್ಲಿ ಹತ್ತಿತು ಎಂದು ನೋಡಿ ನಾನು ಇಳಿಯುವುದಿಲ್ಲ" ಎಂದ ಬೂದ. "ಇದು ಕೆರೆಯೇ ಆಗಲಿ. ತಂತ್ರಿಗಳೇ, ಇನ್ನೊಮ್ಮೆ ಮಾಡಿ. ಸರಿಯಾಗಿ ದಾಟಿಸಿ, ನಾನೇ ದನ ಹಿಡಿಯುತ್ತೇನೆ. ಇನ್ನೂ ಏಳು ಕೆರೆಯ ನೀರು ತಂದು ಸುರಿಯಿರಿ. ಆಮೇಲೆ ಹಾರುತ್ತೇನೆ."

"ಅಯ್ಯೋ, ಬಾಯಿಗೆ ಬಂದ ತುತ್ತು ಯಾಕೆ ಬಿಡ್ತಿ?" ಎಂದು ಇಮ್ಯಾನುಯೆಲ್ ಪಿಸುಗುಟ್ಟಿದರು.

ತಂತ್ರಿಗಳು ಬೂದನ ಕಡೆ ತಿರುಗಿದರು. "ಮಂತ್ರದಲ್ಲಿ ಸರ್ವಭೂತಗಳಿಗೂ ಈ ನೀರು ಎಂದೇ ಉಂಟು" ಎಂದರು.

"ಹಾಗಾದರೆ?" ಗ್ಲ್ಯಾಡಿಸ್ ಕೇಳಿದರು.

"ಮಂತ್ರದಲ್ಲಿ ಉಂಟು. ರೂಢಿಯಲ್ಲಿ ಇಲ್ಲ." ತಂತ್ರಿಗಳು ತಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದರು. "ದಕ್ಷಿಣೆ ಇರಲಿ, ಬಸ್ಸಿಗೆ ಹೊತ್ತಾಯಿತು."

ಬಲ್ಲಾಳರಿಗೆ ಇನ್ನೊಮ್ಮೆ ಬಾಲ ಹಿಡಿಯುವ ಶಕ್ತಿ ಇರಲಿಲ್ಲ. ಅವರು ಕಾರು ಹತ್ತಿದರು. ಹೀಗಾಗಿ ಅದು ಕೆರೆಯೋ ಕೊಳವೋ ಎಂಬುದು ತೀರ್ಮಾನವಾಗದೆ ಉಳಿಯಿತು. ಹಾಗೆಯೇ ಇದ್ದಾಗ ಬೂದ ಏಣಿ ಹತ್ತಿದ. ಅವನನ್ನು ಯಾರೂ ಕರೆದಿರಲಿಲ್ಲ. ಗ್ಲ್ಯಾಡಿಸ್ ತೀರ್ಪುಗಾರರನ್ನು ಕುರ್ಚಿಗಳಲ್ಲಿ ಕೂರಿಸಿದರು.

ಬೆಂಗಳೂರಿನ ಮೂವರೂ ಮಂಗಳೂರಿನವನೂ ಕೊಳದ ಅಂಚಿಗೆ ಬಂದು ನಿಂತರು. ನೀರಿನಲ್ಲಿ ತುಳಸಿಯ ಜೊತೆ ಬೇರೆಯದೂ ತೇಲುತ್ತಿತ್ತು.

"ಮೇಡಂ, ಇದರಲ್ಲಿ ಹೇಗೆ ಹಾರುವುದು? ಸೆಗಣಿ!"

"ನಿಯಮದಲ್ಲಿ ಸೆಗಣಿಯ ಬಗ್ಗೆ ಏನೂ ಇಲ್ಲ" ಎಂದರು ಗ್ಲ್ಯಾಡಿಸ್. "ನೀರಿನ ಆಳದ ಬಗ್ಗೆ ಉಂಟು. ಆಳ ಸರಿ ಇದೆ. ಹಾರುವವರು ಹಾರಿ, ಹಾರದವರು ಹೆಸರು ವಾಪಸ್ ತೆಗೆಯಿರಿ."

"ಗೋಮಯ ಪವಿತ್ರ ಅಲ್ವಾ?" ಪಾಸ್ಕಲ್ ಮಾಸ್ಟ್ರು ಸಮಿತಿಯನ್ನು ಕೇಳಿದರು. "ಯಾರಾದರೂ ಮಕ್ಕಳಿಗೆ ಧೈರ್ಯ ಹೇಳಿ."

ನಾಲ್ವರೂ ಹೆಸರು ವಾಪಸ್ ತೆಗೆದರು. ಬೂದ ತನ್ನ ಎಲ್ಲ ಡೈವ್‌ಗಳನ್ನೂ ಮುಗಿಸಿದ. ಹಿಂದಕ್ಕೆ ಒಂದೂವರೆ ಸುತ್ತಿನದರಲ್ಲಿ ಅವನ ಕಾಲು ಸ್ವಲ್ಪ ತೆರೆಯಿತು, ಗ್ಲ್ಯಾಡಿಸ್ ಅದಕ್ಕೆ ಅಂಕ ಕಳೆದರು. ಪ್ರತಿ ಸಲ ಅವನು ಮೇಲೆ ಬಂದಾಗಲೂ ಬೇಲಿಯ ಹೊರಗಿನಿಂದ ಒಂದು ಕೂಗು ಬಂತು. ಒಳಗಿದ್ದವರು ಚಪ್ಪಾಳೆ ತಟ್ಟಲಿಲ್ಲ. ಮಧ್ಯಾಹ್ನ ಎರಡಕ್ಕೆ ಅವನ ಹೆಸರನ್ನು ರಾಜ್ಯ ತಂಡಕ್ಕೆ ಪ್ರಕಟಿಸಲಾಯಿತು. ಪ್ರಕಟಿಸಿದ್ದು ಮೈಕಿಲ್ಲದೆ. ಮೈಕನ್ನು ಆಗಲೇ ಕಟ್ಟಿ ಒಳಗಿಟ್ಟಿದ್ದರು.

ಸೋಮವಾರ ಬೆಳಿಗ್ಗೆ ಕಾರ್ಕಳದ ಮೊದಲ ಬಸ್ಸಿನಲ್ಲಿ ಪೊನ್ನಿ ಕೇರಿಯ ಹೆಂಗಸರನ್ನು ಕರೆದುಕೊಂಡು ಮಣಿಪಾಲಕ್ಕೆ ಬಂದಳು. ಕೆಲವರು ಬದಲು ಸೀರೆ ತಂದಿದ್ದರು. ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಪಂಪು ಓಡುತ್ತಿತ್ತು, ದಪ್ಪ ಕೊಳವೆಯಲ್ಲಿ ನೀರು ರಸ್ತೆ ಬದಿಯ ತೋಡಿಗೆ ಬೀಳುತ್ತಿತ್ತು. ಗೇಟು ಕಾಯಲು ವಾಸುವನ್ನು ಕೂರಿಸಿದ್ದರು.

"ನೀರು ಯಾಕೆ ಬಿಡುತ್ತಿದ್ದೀರಿ ವಾಸಣ್ಣ?"

"ದನದ ಸೆಗಣಿ ಬಿದ್ದಿತಲ್ಲ ಪೊನ್ನಕ್ಕ."

"ಸೆಗಣಿಗಾ?"

ವಾಸು ಅತ್ತಿತ್ತ ನೋಡಿದ. "ಸೆಗಣಿಗೆ ಅಂತ ಹೇಳಲು ಹೇಳಿದ್ದಾರೆ."

ಹೆಂಗಸರು ಹೋಗಲಿಲ್ಲ. ಪಂಪು ನಿಲ್ಲುವ ತನಕ ಗೇಟಿನ ಎದುರು ಕುಳಿತರು. ಸಂಜೆ ಪೊಲೀಸರು ಬಂದು ಎಬ್ಬಿಸಿದರು.

ಬೂದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಏಳನೆಯವನಾದ. ರೈಲ್ವೆಯ ಕೆಲಸ ಸಿಕ್ಕಿತು. ಹುಬ್ಬಳ್ಳಿಗೆ ಹೋಗಿ, 1986ರ ತನಕ ರೈಲ್ವೆಯ ಪರವಾಗಿ ಹಾರಿದ. ಪಡುಗಡಲು ಸಂಘದ ಕೊಳ ಎಂಟು ತಿಂಗಳು ಬರಿದಾಗಿತ್ತು. ಮುಂದಿನ ಜನವರಿಯಲ್ಲಿ ಅದಕ್ಕೆ ಮತ್ತೆ ನೀರು ತುಂಬಿಸಿದರು. ತುಂಬಿಸುವ ಮೊದಲು ಮೂರು ಮೀಟರ್ ಹಲಗೆಯನ್ನು ಏಣಿಸಮೇತ ಬಿಚ್ಚಿ ತೆಗೆದರು.